ಮೆಣಸಿನಕಾಯಿಯೂ ಮಿಂಚುಳ್ಳಿಯೂ

ನನ್ನ ಹೆಂಡತಿ ಶಿವಕಾಂತಾಳನ್ನು ಒಣಮೆಣಸಿನಕಾಯಿಯ ಹಾಗೆ ಪರೀಕ್ಷೆ ಮಾಡಿ ಹೇಳು ಎಂದರೆ ಹೀಗೆ ಹೇಳುತ್ತೇನೆ: ನೋಟಕ್ಕೆ ಬ್ಯಾಡಗಿ, ನಾಲಿಗೆಗೆ ಗುಂಟೂರು. ತೇವ ಕಡಿಮೆ, ಅಂದರೆ ಸುಮ್ಮಸುಮ್ಮನೆ ಅಳುವ ಪೈಕಿಯಲ್ಲ. ಮುರಿಯಲು ಹೋದರೆ ಟಕ್ಕೆಂದು ಸದ್ದು ಬರುತ್ತದೆಯೇ ಹೊರತು ಬಾಗುವುದಿಲ್ಲ. ಎಂಥ ಮಳೆಗಾಲದಲ್ಲೂ ಬೂಷ್ಟು ಹಿಡಿಯದ ತಳಿ. ಬೆಲೆ ಕಟ್ಟಲು ಹೋದವನಿಗೆ ತನ್ನ ಬೆಲೆ ಎಷ್ಟೆಂದು ಮೊದಲು ಗೊತ್ತಾಗುತ್ತದೆ. (ಇದನ್ನು ಅವಳು ಓದುತ್ತಾಳೆ. ಓದಲಿ ಎಂದೇ ಬರೆಯುತ್ತಿದ್ದೇನೆ.)

ನಾನು ಚನ್ನವೀರ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ಸಗಟು ವ್ಯಾಪಾರ. ನಮ್ಮ ಅಂಗಡಿಗೆ ಬೋರ್ಡು ಬೇಕಾಗಿಲ್ಲ. ದಾರಿಯಲ್ಲಿ ಹೋಗುವವರು ಸೀನಿ ಗುರುತು ಹಿಡಿಯುತ್ತಾರೆ.

ಮುಂದೆ ಆದ ಅನಾಹುತ ನಿಮಗೆ ತಿಳಿಯಬೇಕಾದರೆ ನಮ್ಮ ಪೇಟೆಯ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಬೇಕಾದ ಮಾಲಿಗೆ ಬೈಯುತ್ತೇವೆ, ಬೇಡವಾದ ಮಾಲನ್ನು ಹೊಗಳುತ್ತೇವೆ. ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಮುರಿದು, ಮೂಸಿ, ಮುಖ ಹುಳಿ ಮಾಡಿಕೊಂಡು, “ಬಣ್ಣ ಇಲ್ಲ, ತೊಟ್ಟ ಭಾಳ, ಹ್ವಾದ ವರ್ಷದ್ದು ಇದ್ದಂಗ ಅದ” ಎಂದೆನೆಂದರೆ ಮಾರುವವನು ಒಳಗೊಳಗೇ ಕುಣಿಯುತ್ತಾನೆ: ಗಿರಾಕಿ ಬಿದ್ದ! ಅದೇ ನಾನು, “ವಾಹ್, ಏನ್ ಚಂದ ಮಾಲು! ಪುಣ್ಯಾ ಮಾಡಿದವರು ಒಯ್ತಾರ ಬಿಡ್ರಿ” ಎಂದರೆ ಅವನು ತುಟಿ ಪಿಟಕ್ಕೆನ್ನದೆ ಚೀಲದ ಬಾಯಿ ಕಟ್ಟುತ್ತಾನೆ. ಮೂವತ್ತು ವರ್ಷ ಹೀಗೆ ವ್ಯಾಪಾರ ಮಾಡಿದ ನಾಲಿಗೆ ಅಂಗಡಿಯ ಬಾಗಿಲು ಹಾಕಿದ ಕೂಡಲೇ ನೆಟ್ಟಗಾಗುತ್ತದೆಯೇ? ಆಗುವುದಿಲ್ಲ. ಮನಸ್ಸಿಗೆ ಏನಾದರೂ ಹಿಡಿಸಿದ ಕ್ಷಣದಲ್ಲಿ ಬಾಯಿಂದ ಕೊಂಕು ತಾನಾಗಿ ಹೊರಡುತ್ತದೆ.

ಕನ್ಯಾ ನೋಡಲು ಹೋದಾಗಲೂ ಹೀಗೇ ಆಗಿತ್ತು. ಶಿವಕಾಂತಾ ಚಹಾದ ತಟ್ಟೆ ಹಿಡಿದು ಬಂದಳು, ನನ್ನ ಎದೆ ಧಸಕ್ಕೆಂದಿತು, ಬಾಯಿ ಮಾತ್ರ, “ಎತ್ತರ ಸ್ವಲ್ಪ ಕಡಿಮಿ ಆತು” ಎಂದಿತು. ನಮ್ಮಪ್ಪ ಅದಕ್ಕೆ, “ದನೀನೂ ಜೋರ ಅದ” ಎಂದು ಒಗ್ಗರಣೆ ಹಾಕಿದರು. ಮೇಷ್ಟ್ರಾಗಿದ್ದ ಅವಳ ಅಪ್ಪನ ಮುಖ ಬಾಡಿಹೋಯಿತು. ಆದರೆ ಹುಡುಗಿ ಬೆಳೆದದ್ದು ಪೇಟೆಯಲ್ಲಿ, ಅಜ್ಜನ ಅಡತಿ ದಲ್ಲಾಳಿ ಅಂಗಡಿಯಲ್ಲಿ. ಒಳಗೆ ಹೋಗಿ ತಾಯಿಗೆ, “ಯವ್ವಾ, ಸಕ್ರಿ ತರಸು, ಇವರು ಒಪ್ಯಾರ” ಎಂದಳಂತೆ.

ಇಂಥ ನಾನು ಹೋದ ವರ್ಷ ಕ್ಯಾಮೆರಾ ಕೊಂಡೆ. ಐವತ್ತು ದಾಟಿದ ಗಂಡಸಿಗೆ ಒಂದೋ ಸಕ್ಕರೆ ಕಾಯಿಲೆ ಬರಬೇಕು, ಇಲ್ಲವೇ ಹವ್ಯಾಸ ಬರಬೇಕು. ನನಗೆ ಎರಡೂ ಒಂದೇ ವಾರದಲ್ಲಿ ಬಂದವು. ಮುಂಜಾನೆ ನಡೆಯಿರಿ ಎಂದರು ಡಾಕ್ಟರು. ಬರಿಗೈಯಲ್ಲಿ ನಡೆಯುವುದು ವ್ಯಾಪಾರಿಗೆ ಒಗ್ಗುವ ಕೆಲಸವಲ್ಲ ನೋಡಿ.

“ಇದೇನ್ರಿ ಇದು, ಕುತ್ತಿಗಿಗೆ ಮಸಾಲಿ ಕುಟ್ಟೋ ಖಲಬತ್ತಾ ಕಟ್ಟಿಗೊಂಡು ಬಂದೀರಿ?” ಎಂದಳು ಶಿವಕಾಂತಾ.

“ಲೆನ್ಸ್ ಅದು. ದೂರಿದ್ದ ಹಕ್ಕಿ ಹತ್ರ ಕಾಣ್ತದ.”

“ಹತ್ರ ಇದ್ದ ಹೆಂಡ್ತಿ ಕಾಣಂಗಿಲ್ಲ, ದೂರಿದ್ದ ಹಕ್ಕಿ ಬೇಕಾಗ್ಯದ ನಿಮಗ.”

ಕಲಾವಿದನ ಬಾಳಿನಲ್ಲಿ ಇಂಥ ಮುಳ್ಳುಗಳು ಇದ್ದದ್ದೇ ಎಂದುಕೊಂಡು ಲೆನ್ಸು ಒರೆಸತೊಡಗಿದೆ.

ಒಂದೆರಡು ತಿಂಗಳಲ್ಲೇ ಪುಣೆಯ ಕನ್ನಡದ ಕ್ಯಾಮೆರಾವಂತರೆಲ್ಲ ಸೇರಿ ‘ಬೆಳಕಿಂಡಿ’ ಎಂಬ ಬಳಗ ಕಟ್ಟಿಕೊಂಡೆವು. ರವಿವಾರ ಮುಂಜಾನೆ ಬಿಬ್ವೇವಾಡಿಯ ನಮ್ಮ ಮನೆಯಲ್ಲಿ ಸಭೆ; ನಮ್ಮ ಟಿವಿ ದೊಡ್ಡದು, ಶಿವಕಾಂತಾಳ ಚುರುಮುರಿ ಸುಸಲಾ ಅದಕ್ಕಿಂತ ದೊಡ್ಡದು. ಬಂದುಹೋಗುವವರು ಹಲವರಿದ್ದರೂ ಖಾಯಂ ಗಿರಾಕಿಗಳು ಮೂವರು. ಒಬ್ಬರು ಮಹದೇವಪ್ಪನವರು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕಾರಕೂನರಾಗಿ ನಿವೃತ್ತರಾದವರು. ಫೋಟೋದಲ್ಲಿ ನೆಲ ಒಂದು ಕೂದಲಿನಷ್ಟು ಸೊಟ್ಟಗಿದ್ದರೂ ಕುರ್ಚಿಯಲ್ಲಿ ತಾವೇ ವಾಲಿ ಕೂತು ನೋಡುವವರು. ಎರಡನೆಯವನು ತಳೇಗಾಂವದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿರುವ ಸ್ವಪ್ನಿಲ್. ಎಲ್ಲರ ಚಿತ್ರಗಳನ್ನು ಟಿವಿಗೆ ಹಾಕುವವನು. ಮೂರನೆಯವಳು ಮೈಸೂರು ಕಡೆಯ ರೇಣು, ಹಲ್ಲಿನ ಡಾಕ್ಟರು. ವಿಮರ್ಶೆಯ ಸಂವಿಧಾನ ಬರೆದವಳು ಅವಳೇ.

“ಅಂಕಲ್, ಚಿತ್ರದ ಮೇಲೆ ಹೆಸರು ಇರಲ್ಲ. ಮೊದಲು ಏನು ಚೆನ್ನಾಗಿದೆ ಅಂತ ಹೇಳ್ಬೇಕು, ಆಮೇಲೆ ಏನು ಸರಿ ಮಾಡ್ಬಹುದು ಅಂತ. ಫ್ರೆಂಡ್ಲಿಯಾಗಿ. ಯಾರಿಗೂ ನೋವಾಗ್ಬಾರ್ದು.”

ದಂತವೈದ್ಯಳಲ್ಲವೇ! ಮೊದಲು ಜುಮ್ಮೆನ್ನಿಸುವ ಇಂಜೆಕ್ಷನ್ನು, ಆಮೇಲೆ ಕೊರೆಯುವ ಯಂತ್ರ.

ಮೊದಲ ರವಿವಾರವೇ ಟಿವಿಯ ಮೇಲೆ ಒಂದು ಚಿತ್ರ ಬಂತು. ಮಳೆ ನಿಂತ ಬೀದಿ, ಹೂ ಮಾರುವ ಮುದುಕಿ, ಅವಳ ಒದ್ದೆ ಬುಟ್ಟಿಯ ಮೇಲೆ ಮಾತ್ರ ಒಂದು ಬಿಸಿಲಕೋಲು. ನನ್ನ ಮೈ ಜುಮ್ಮೆಂದಿತು. ಎದ್ದು ನಿಂತು ಚಪ್ಪಾಳೆ ಹೊಡೆಯಬೇಕೆನ್ನಿಸಿತು. ಎದ್ದು ನಿಂತೆ ಕೂಡ. ಬಾಯಿ ತೆರೆದೆ.

“ಏನದ ಇದ್ರಾಗ? ಬರೇ ಕತ್ತಲಿ. ಮುದುಕಿ ಮಾರೀನ ಕಾಣವಲ್ದು. ಬುಟ್ಟಿ ಅಡ್ಡ ಬಂದದ.”

ರೇಣುವಿನ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ಚಿತ್ರ ಯಾರದೆಂದು ತಿಳಿಯಿತು. ಮುಂದಿನ ಚಿತ್ರ ಒಂದು ನೀರಿನ ಟಾಕಿ. ಬೂದು ಬಣ್ಣದ, ಕಂಬದಷ್ಟು ನೆಟ್ಟಗಿನ, ಜಗತ್ತಿನ ಯಾವ ಜೀವಿಗೂ ಯಾವ ಭಾವನೆಯನ್ನೂ ಹುಟ್ಟಿಸಲಾರದ ನೀರಿನ ಟಾಕಿ. “ವಾಹ್! ಏನ್ ಟಾಕಿ! ನೋಡಿದವರ ಪುಣ್ಯಾ” ಎಂದೆ. ಮಹದೇವಪ್ಪನವರು ಎದೆಯುಬ್ಬಿಸಿ ಮೀಸೆ ತಿರುವಿದರು. ಅಂದಿನಿಂದ ಅವರು ವಾರಕ್ಕೊಂದು ಟಾಕಿ ತರತೊಡಗಿದರು. ದಂಡಿನ ಊರಿನಲ್ಲಿ ಇಷ್ಟು ಟಾಕಿಗಳಿವೆ ಎಂದು ಸ್ವತಃ ದಂಡಿಗೂ ಗೊತ್ತಿರಲಿಕ್ಕಿಲ್ಲ.

ರೇಣು ಅಂದು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಇನ್ನು ಇವಳು ಬಳಗ ಬಿಟ್ಟಳು ಎಂದುಕೊಂಡೆ. ಒಳಗೆ ಶಿವಕಾಂತಾಳ ಜೊತೆ ಏನು ಮಾತಾಯಿತೋ ತಿಳಿಯದು. ಹೊರಗೆ ಬರುವಾಗ ಹುಡುಗಿ ಸೆರಗಿಲ್ಲದಿದ್ದರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡವಳ ಹಾಗೆ ನಗುತ್ತಿದ್ದಳು. ಮುಂದಿನ ವಾರ ಅವಳ ಇನ್ನೊಂದು ಚಿತ್ರವನ್ನು ಚೆನ್ನಾಗಿ ಝಾಡಿಸಿದೆ. “ಥ್ಯಾಂಕ್ಯೂ ಅಂಕಲ್!” ಎಂದು ಕುಣಿದಳು. ಕೆಲವು ವಾರಗಳ ಮೇಲೆ ಮಹದೇವಪ್ಪನವರ ಟಾಕಿಯನ್ನು ಮತ್ತೆ ಹೊಗಳಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡು, ಮರುವಾರ ಟಾಕಿ ಬಿಟ್ಟು ಒಂದು ಮೇಕೆಯನ್ನು ತಂದರು. ಸ್ವಪ್ನಿಲನಂತೂ, “ಕಾಕಾ, ಇವತ್ತ ನನ್ನ ಫೋಟೋಕ್ಕ ಸ್ವಲ್ಪ ಬಯ್ರಿ ನೋಡೋಣು” ಎಂದು ಕೈಮುಗಿಯತೊಡಗಿದ. ನಾನು ಹಿಗ್ಗಿ ಹೀರೇಕಾಯಿಯಾದೆ. ಕಟು ಸತ್ಯವನ್ನು ಇಷ್ಟು ಸಂತೋಷದಿಂದ ಸ್ವೀಕರಿಸುವ ಶಿಷ್ಯವೃಂದ ಯಾವ ವಿಮರ್ಶಕ ಶಿರೋಮಣಿಗೆ ಸಿಕ್ಕೀತು!

ಹೀಗಿರುವಾಗ ಬಳಗದ ಮೊದಲ ಪ್ರದರ್ಶನ ನಿಗದಿಯಾಯಿತು. ಒಳಗೋಡೆಗೆ ಎಲ್ಲರದೂ ಒಂದೊಂದು ಸಣ್ಣ ಚಿತ್ರ. ಬಾಗಿಲಿನಲ್ಲಿ ಮಾತ್ರ ಒಂದೇ ಒಂದು, ಆಳೆತ್ತರದ್ದು. ಆ ಆಳೆತ್ತರದ ಜಾಗ ನನ್ನದಾಗಬೇಕು ಎಂದು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಚಿತ್ರವೂ ಸಿದ್ಧವಿತ್ತು: ನಮ್ಮ ಗೋದಾಮಿನಲ್ಲಿ ಸುರಿದ ಮೆಣಸಿನಕಾಯಿ ರಾಶಿ, ಅದರ ಮೇಲೆ ಬೆಳಗಿನ ಬಿಸಿಲು. ಕೆಂಪೆಂದರೆ ಕೆಂಪು! ನೋಡಿದರೆ ಕಣ್ಣಲ್ಲಿ ನೀರು ಬರಬೇಕು, ಹಾಗಿತ್ತು.

ತೀರ್ಮಾನಿಸಿ ಸುಮ್ಮನಿದ್ದೆನೇ? ಇಲ್ಲ. ಮರುದಿನವೇ ಪೇಟೆಯಲ್ಲಿ ಡಂಗುರ ಸಾರಿದೆ. ಪಕ್ಕದ ಅಂಗಡಿಯ ಅಂಬಾರಾಯ ನನ್ನ ಕ್ಯಾಮೆರಾ ಕಂಡಾಗಲೆಲ್ಲ ಕೆಮ್ಮುವ ಮನುಷ್ಯ.

“ಅಣ್ಣಾ, ಖರೇನ ನಿನ್ನ ಫೋಟೋ ಗ್ವಾಡಿಗಿ ಹಾಕ್ತಾರ?” ಎಂದ.

“ಗ್ವಾಡಿಗಿ ಅಲ್ಲೋ, ಬಾಗಲಕ್ಕ! ನೀ ಬಂದು ನೋಡು. ಇಡೀ ಪ್ಯಾಟಿ ಮಂದೀನ್ನ ಕರಕೊಂಡು ಬಾ. ಬಾಗಲದಾಗ ನಾ ಇರಲಿಲ್ಲ ಅಂದ್ರ ನನ್ನ ಹೆಸರ ಬದಲಿ ಮಾಡು.”

“ಬದಲಿ ಮಾಡೇ ಬಿಡ್ತೀನಿ, ಹೆಸರ ಹುಡುಕಿಡ್ತೀನಿ” ಎಂದ ಅಂಬಾರಾಯ. ಸಂಜೆಯೊಳಗೆ ಹಮಾಲರಿಂದ ಹಿಡಿದು ಚಹಾದವನ ತನಕ ಎಲ್ಲರೂ, “ಶೇಠ್, ಬಾಗಲದಾಗ ಅಂತಲ್ಲ?” ಎಂದು ಕೇಳತೊಡಗಿದರು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ನಡುವೆ ಪುಣೆಯ ಪಾಷಾಣ್ ಕೆರೆಗೆ ಬಳಗದ ಮುಂಜಾನೆಯ ಪ್ರವಾಸವೂ ಒಂದಾಯಿತು. ಬುತ್ತಿಯ ಜೊತೆಗೆ ಶಿವಕಾಂತಾಳೂ ಬಂದಳು. ಅಂದು ನನ್ನ ಗುರಿ ಮಿಂಚುಳ್ಳಿ ಹಕ್ಕಿ. ಮೂರುಕಾಲಿನ ಸ್ಟ್ಯಾಂಡನ್ನು ಹಿಂದೆಯೇ ನಿಲ್ಲಿಸಿ, ದಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ನೀರಿನ ಮೇಲೆ ಬಾಗಿದ ಒಂದು ಕೊಂಬೆಗೆ ಕ್ಯಾಮೆರಾ ಹೂಡಿದೆ. ಅತ್ತ ಸ್ವಲ್ಪ ದೂರದಲ್ಲಿ ಮಹದೇವಪ್ಪನವರೂ ನನ್ನ ಹಾಗೆಯೇ ಮಲಗಿದ್ದರು. ಹಿಂದಿನಿಂದ ಶಿವಕಾಂತಾ, “ಏನ್ರೀ…” ಎಂದಳು. ತಿರುಗದೆಯೇ ಕೈ ಝಾಡಿಸಿದೆ. “ಏನ್ರೀ, ಇಲ್ಲಿ…” ಎಂದಳು. “ಶ್! ಬಾಯಿ ಮುಚ್ಚು, ಹಕ್ಕಿ ಹೆದರ್ತದ!” ಎಂದೆ. ಮುಚ್ಚಿದಳು. ಬಿಸಿಲು ನೆತ್ತಿಗೇರಿದರೂ ಮಿಂಚುಳ್ಳಿ ಬರಲಿಲ್ಲ. “ಈ ಕೆರಿಯಾಗ ಮಿಂಚುಳ್ಳೀನ ಇಲ್ಲ” ಎಂದು ಘೋಷಿಸಿ, ಮೈಗೆ ಹತ್ತಿದ ಕೆಸರು ಕೊಡವಿಕೊಂಡು ಎದ್ದೆ. ಶಿವಕಾಂತಾ ಮೊಬೈಲನ್ನು ಚೀಲದೊಳಗೆ ಇಟ್ಟುಕೊಂಡು, “ಹೌದಲ್ಲ ಮತ್ತ” ಎಂದಷ್ಟೇ ಹೇಳಿ ರೊಟ್ಟಿ ಬಡಿಸಿದಳು.

ಬಾಗಿಲಿನ ಚಿತ್ರವನ್ನು ಎಲ್ಲರೂ ಕೈಯೆತ್ತಿ ಆರಿಸುವ ರವಿವಾರ ಬಂತು. ನಾನು ರಾತ್ರಿಯೇ ವ್ಯೂಹ ರಚಿಸಿದ್ದೆ. ಹೆಸರಿಲ್ಲದ ಚಿತ್ರಗಳಲ್ಲವೇ? ನನ್ನ ಮೆಣಸಿನಕಾಯಿ ಬಂದಾಗ ಯಾರದೋ ಚಿತ್ರವೆಂಬ ಹಾಗೆ ಕೂತು ಹೊಗಳಬೇಕು. ಅದಕ್ಕೆ ಪೈಪೋಟಿ ಕೊಡುವಂಥದ್ದು ಯಾವುದಾದರೂ ಬಂದರೆ ಅದನ್ನು ನೆಲಸಮ ಮಾಡಬೇಕು. ಗುರುಗಳ ಮಾತಿಗೆ ಶಿಷ್ಯವೃಂದ ಎದುರಾಡೀತೇ?

ಮೇಕೆ ಬಂತು, ಹೋಯಿತು. ಹೂವಿನ ಮುದುಕಿ ಬಂದಳು, ಹೋದಳು. ಆಮೇಲೆ ಒಂದು ಚಿತ್ರ ಬಂತು ನೋಡಿ, ನನ್ನ ಕೈಯಲ್ಲಿದ್ದ ಸುಸಲಾ ಕೈಯಲ್ಲೇ ಉಳಿಯಿತು.

ಬಂಗಾರ ಕರಗಿಸಿ ಸುರಿದಂಥ ಕೆರೆ. ಬೆಳಕಿಗೆ ಎದುರು ಹಿಡಿದು ತೆಗೆದದ್ದರಿಂದ ಉಳಿದುದೆಲ್ಲ ಕಪ್ಪು ಆಕೃತಿ. ದಂಡೆಯ ಮೇಲೆ ಭರ್ತಿ ಚೀಲ ಒಗೆದಂತೆ ಒಬ್ಬ ದಡೂತಿ ಆಸಾಮಿ ಬೋರಲು ಬಿದ್ದು, ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಒಂದು ಬೋಳು ಕೊಂಬೆಯನ್ನು ದಿಟ್ಟಿಸುತ್ತಿದ್ದಾನೆ. ಅವನ ಬೆನ್ನ ಹಿಂದೆ ಮೂರುಕಾಲಿನ ಸ್ಟ್ಯಾಂಡು. ಆ ಸ್ಟ್ಯಾಂಡಿನ ತುದಿಯಲ್ಲಿ, ಉದ್ದ ಕೊಕ್ಕಿನಲ್ಲಿ ಮೀನು ಕಚ್ಚಿಕೊಂಡು, ಅವನು ಏನು ನೋಡುತ್ತಿದ್ದಾನೆ ಎಂದು ತಾನೂ ಬಗ್ಗಿ ನೋಡುತ್ತಿರುವ ಮಿಂಚುಳ್ಳಿ!

ಅಯ್ಯಯ್ಯೋ, ಎಂಥ ಚಿತ್ರ! ನಗು ಬಂತು, ಹೊಟ್ಟೆಕಿಚ್ಚೂ ಬಂತು. ಆಸಾಮಿ ಮಹದೇವಪ್ಪನವರೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಇದು ಬಾಗಿಲಿಗೆ ಬಂತೆಂದರೆ ನನ್ನ ರಾಶಿ ಒಳಗೋಡೆಯಲ್ಲಿ ಕೊಳೆಯಬೇಕು. ಮನಸ್ಸೂ ಸ್ವಾರ್ಥವೂ ಮೂವತ್ತು ವರ್ಷದ ಅಭ್ಯಾಸವೂ ಒಂದಾಗಿ ನಾಲಿಗೆಯನ್ನು ತಳ್ಳಿದವು.

“ಇದಕ್ಕ ಫೋಟೋ ಅಂತಾರೇನ್ರಿ? ಮೊದಲನೇದು, ಮಾರಿ ಇಲ್ಲ. ಎರಡನೇದು, ಎಲ್ಲಾ ಕರಿ, ಇದ್ದಲಿ ಅಂಗಡಿ ಇದ್ದಂಗ ಅದ. ನೆಲ ಸೊಟ್ಟ. ಹಕ್ಕಿ ಸಣ್ಣದಾತು, ಮನಶ್ಯಾ ದೊಡ್ಡಾಂವ ಆದ. ಅದೂ ಎಂಥಾ ಮನಶ್ಯಾ! ಬೆನ್ನ ನೋಡ್ರಿ, ಜ್ವಾಳದ ಚೀಲ. ತನ್ನ ಹಿಂದ ಏನ್ ನಡದದ ಅನ್ನೋ ಖಬರಿಲ್ಲದ ದಡ್ಡ! ಇಂಥಾಂವನ್ನ ಬಾಗಲಕ್ಕ ನಿಲ್ಲಿಸಿದ್ರ ಬಂದ ಮಂದಿ ತಿರುಗಿ ಹೋಗ್ತಾರ.”

ಮಹದೇವಪ್ಪನವರಿಗೆ ಕೆಮ್ಮು ಹತ್ತಿತು. ಪಾಪ, ನೊಂದುಕೊಂಡರು ಎಂದು ಭಾವಿಸಿದೆ. ಸ್ವಪ್ನಿಲ್ ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿದ. ರೇಣುವಿನ ಕಣ್ಣು ಹೊಳೆಯುತ್ತಿತ್ತು.

“ಅಂಕಲ್, ನಿಮಗಿದು ಇಷ್ಟೊಂದು ಇಷ್ಟ ಆಯ್ತಾ?”

“ಇಷ್ಟ? ನಾ ಹೇಳಿದ್ದು ಕೇಳಿಸ್ತಿಲ್ಲೋ ನಿನಗ?”

“ಕೇಳಿಸ್ತು ಅಂಕಲ್. ನನ್ನ ಬೆಸ್ಟ್ ಫೋಟೋಗೇ ನೀವು ಇಷ್ಟು ಬೈದಿರ್ಲಿಲ್ಲ!”

ಈ ಮಾತಿನ ತಲೆಬುಡ ನನಗೆ ಹತ್ತಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ನನ್ನ ಕೆಂಪು ರಾಶಿ ಬಂದುಬಿಟ್ಟಿತು. (ಹೆಸರಿರಲಿಲ್ಲ ನಿಜ. ಆದರೆ ಪುಣೆಯ ಛಾಯಾಚಿತ್ರಕಾರರಲ್ಲಿ ಗೋದಾಮು ತುಂಬ ಮೆಣಸಿನಕಾಯಿ ಯಾರಲ್ಲಿರುತ್ತದೆ ಎಂದು ಪತ್ತೆ ಹಚ್ಚಲು ಪೊಲೀಸರು ಬೇಕಿಲ್ಲ ಎಂಬುದು ನನಗೆ ಆಗ ಹೊಳೆದಿರಲಿಲ್ಲ.) ನಾನು ಗಂಟಲು ಸರಿಮಾಡಿಕೊಂಡು, ಏನೂ ಅರಿಯದವನಂತೆ ಸುರು ಮಾಡಿದೆ.

“ಆಹಾ! ಇದು ನೋಡ್ರಿ ಫೋಟೋ! ಏನ್ ಬಣ್ಣ, ಏನ್ ಬೆಳಕು! ಯಾರ ತಗದಾರೋ ಏನೋ, ಅವರ ಕೈಗೆ ಬಂಗಾರದ ಕಡಗಾ ಹಾಕಬೇಕು. ಒಂದರ ತಪ್ಪು ತೋರಸ್ರಿ ಇದ್ರಾಗ! ವಾಹ್, ವಾಹ್!”

ಕೂಡಲೇ ಮಹದೇವಪ್ಪನವರು ಎದ್ದು ಬಂದು ನನ್ನನ್ನು ಬಿಗಿದಪ್ಪಿಕೊಂಡರು.

“ಚನ್ನವೀರಪ್ಪಾರ, ಏನ್ ದೊಡ್ಡ ಮನಸ್ರೀ ನಿಮ್ದು! ನಿಮ್ಮ ಫೋಟೋ ನೀವ ಹಿಂದ ತಗೊಂಡ್ರಿ! ಇನ್ನೊಬ್ಬರಿಗಾಗಿ ಹಿಂಗ ಜಾಗಾ ಬಿಟ್ಟುಕೊಡೋರು ಎಲ್ಲಿ ಸಿಗ್ತಾರ್ರಿ?”

“ಹಿಂದ ತಗೊಂಡ್ನೇ? ನಾ ಎಲ್ಲಿ…”

“ಇರ್ಲಿ ಬಿಡಿ ಅಂಕಲ್,” ಎಂದಳು ರೇಣು ಮೂಗು ಒರೆಸಿಕೊಳ್ಳುತ್ತ. “ನಮಗೆಲ್ಲ ಗೊತ್ತು. ಮೊದಲ ದಿನವೇ ಆಂಟಿ ಹೇಳಿದ್ರು. ನೀವು ಬೈದ್ರೆ ಒಪ್ಪಿದ್ರಿ ಅಂತ, ಹೊಗಳಿದ್ರೆ ಬೇಡ ಅಂತ. ಇಲ್ದಿದ್ರೆ ನಾನು ಆವತ್ತೇ ಬಿಟ್ಟು ಹೋಗ್ತಿದ್ದೆ.”

“ಅದಕ್ಕ ಕಾಕಾ, ನಾನು ಟಾಕಿ ಬಿಡ್ಸಿದ್ದು ಇವರಿಗೆ!” ಎಂದು ಸ್ವಪ್ನಿಲ್ ಮಹದೇವಪ್ಪನವರತ್ತ ಬೆರಳು ಮಾಡಿದ.

ನಾನು ಅಡುಗೆಮನೆಯ ಬಾಗಿಲಿನತ್ತ ನೋಡಿದೆ. ಚಹಾದ ತಟ್ಟೆ ಹಿಡಿದು ಅವಳು ನಿಂತಿದ್ದಳು, ಕನ್ಯಾ ನೋಡಿದ ದಿನದ ಹಾಗೆಯೇ. ಈಗ ನಾನು ಏನು ಮಾಡಬೇಕು? ‘ಅಲ್ಲ, ನನ್ನ ಚಿತ್ರವನ್ನು ನಾನು ನಿಜವಾಗಿಯೇ ಹೊಗಳಿದೆ’ ಎನ್ನಲೇ? ‘ಆ ಚಿತ್ರವನ್ನು ಮೋಸದಿಂದ ಬೀಳಿಸಲು ಹೊರಟಿದ್ದೆ’ ಎನ್ನಲೇ? ಮಹಾತ್ಯಾಗಿಯ ಪದವಿಯನ್ನು ನುಂಗಿಕೊಂಡು ಕೂತೆ. ಎಲ್ಲರ ಕೈಗಳೂ ಮಿಂಚುಳ್ಳಿಗೇ ಎದ್ದವು. ಸ್ವಪ್ನಿಲ್ ನನ್ನ ಕೈಯನ್ನೂ ಹಿಡಿದು ಎತ್ತಿದ.

“ಆತು, ಆತು,” ಎಂದೆ. “ಅದು ಯಾರ ತಗದದ್ದು ಅಂತರ ಹೇಳ್ರಿ.”

ಶಿವಕಾಂತಾ ನನ್ನ ಮುಂದೆ ಚಹಾ ಇಟ್ಟಳು.

“ಏನ್ರಿ, ನಿಮ್ಮ ಬೆನ್ನ ನಿಮಗ ಗುರುತ ಹತ್ತಲಿಲ್ಲೇನು?”

ಟಿವಿಯತ್ತ ತಿರುಗಿದೆ. ಸ್ವಪ್ನಿಲ್ ಆ ಚಿತ್ರವನ್ನೇ ಮತ್ತೆ ಹಾಕಿದ್ದ. ಜೋಳದ ಚೀಲ. ಖಬರಿಲ್ಲದ ದಡ್ಡ. ಇಷ್ಟು ವರ್ಷ ಬದುಕಿದರೂ ಮನುಷ್ಯ ತನ್ನ ಬೆನ್ನನ್ನು ತಾನು ಒಮ್ಮೆಯೂ ನೋಡಿರುವುದಿಲ್ಲ, ನೋಡಿ.

“ಅವತ್ತ ಕರದೆ ನಾ,” ಎಂದಳು. “ಬಾಯಿ ಮುಚ್ಚು ಅಂದ್ರಿ. ಬಾಯಿ ಮುಚ್ಚಿ ಫೋಟೋ ತಗದೆ.”

ಪ್ರದರ್ಶನದ ದಿನ ಬಾಗಿಲಿನಲ್ಲಿ ನಾನಿದ್ದೆ, ಆಳೆತ್ತರಕ್ಕಿಂತಲೂ ಎತ್ತರವಾಗಿ, ಬೋರಲು ಬಿದ್ದುಕೊಂಡು. ಅಂಬಾರಾಯ ಅರ್ಧ ಪೇಟೆಯನ್ನು ಕಟ್ಟಿಕೊಂಡು ಬಂದ. ಬೆನ್ನು ಕಂಡ ಕೂಡಲೇ ಹಮಾಲರು, “ಶೇಠ್! ಶೇಠ್!” ಎಂದು ಕೂಗಿದರು. ಒಬ್ಬರಿಗೂ ಒಂದು ಕ್ಷಣದ ಅನುಮಾನವೂ ಬರಲಿಲ್ಲ.

“ಖರೇ ಹೇಳಿದ್ದಿ ಅಣ್ಣಾ,” ಎಂದ ಅಂಬಾರಾಯ. “ಬಾಗಲದಾಗ ನೀನ ಇದ್ದಿ. ಹೆಸರ ಬದಲಿ ಮಾಡೋ ಹಂಗಿಲ್ಲ.”

ಒಳಗೆ, ನೀರಿನ ಫಿಲ್ಟರಿನ ಮೇಲುಗಡೆ ನೇತುಹಾಕಿದ್ದ ನನ್ನ ಮೆಣಸಿನಕಾಯಿ ರಾಶಿಯ ಮುಂದೆ ಅವನು ಒಂದು ಗಳಿಗೆ ನಿಂತ. “ವಾಹ್! ಭಾಳ ಚಂದ ಅದ! ಏನ್ ಬಣ್ಣ!” ಎಂದು ನೀರು ಕುಡಿದು ಮುಂದೆ ಹೋದ. ನನ್ನ ಎದೆ ಒಡೆಯಿತು. ಪೇಟೆಯವನ ಮಾತು ಪೇಟೆಯವನಿಗೆ ಗೊತ್ತಾಗದೆ ಇರುತ್ತದೆಯೇ?

ಮರಳಿ ಬಾಗಿಲಿಗೆ ಬಂದು ಮಿಂಚುಳ್ಳಿಯ ಮುಂದೆ ಬಹಳ ಹೊತ್ತು ನಿಂತ. ಮುಖ ಹುಳಿ ಮಾಡಿಕೊಂಡ.

“ಕರಿ ಭಾಳ ಆತು. ಚೌಕಟ್ಟ ಸಾದಾ ಅದ. ಹಕ್ಕಿ ಮಾರೀನೂ ಸರಿ ಕಾಣವಲ್ದು.” ಒಂದು ಸಲ ಕೆಮ್ಮಿ, ಶಿವಕಾಂತಾಳತ್ತ ತಿರುಗಿದ. “ವೈನಿ, ಅಂಗಡ್ಯಾಗ ಹಾಕಾಕ ಇದರದೊಂದು ಪ್ರತಿ ಸಿಗ್ತದೇನು?”

ಶಿವಕಾಂತಾ ಅಂದು ನಕ್ಕ ನಗುವನ್ನು ತೆಗೆಯಲು ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ತೆಗೆಯುವುದು ಮರೆತುಹೋಯಿತು.

ಮನೆಗೆ ಬಂದ ಮೇಲೆ, ಇವತ್ತು ನಾಲಿಗೆಯನ್ನು ಗೆಲ್ಲಲೇಬೇಕು ಎಂದು ನಿಶ್ಚಯಿಸಿದೆ. ಅಡುಗೆಮನೆಗೆ ಹೋಗಿ ಅವಳ ಮುಂದೆ ನಿಂತು, ಹಲ್ಲು ಕಚ್ಚಿ, ಕೊಂಕನ್ನು ಒಳಗೇ ಒತ್ತಿಹಿಡಿದು ಅಂದೆ:

“ಶಿವಕಾಂತಾ, ನಿನ್ನ ಫೋಟೋ ಭಾಳ ಚಂದ ಅದ. ಒಂದೂ ತಪ್ಪಿಲ್ಲ.”

ಅವಳ ಮುಖ ಬಾಡಿತು. ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು.

“ಯಾಕ್ರಿ? ಮನಸಿಗಿ ಬರಲಿಲ್ಲೇನು?”

“ಏ, ಬಂದದ! ಖರೇನ ಹೇಳಾಕತ್ತೀನಿ, ಭಾಳ ಚಲೋ…”

“ಬಿಡ್ರಿ. ನನಗ ಗೊತ್ತಾಗಂಗಿಲ್ಲೇನು?” ಎಂದು ಒಲೆಯತ್ತ ತಿರುಗಿಬಿಟ್ಟಳು. ನಾನು ಗಾಬರಿಯಾಗಿ, “ನೆಲ ಸ್ವಲ್ಪ ಸೊಟ್ಟ ಅದ” ಎಂದೆ. ತಿರುಗಿ ನೋಡಿದಳು. “ಹಕ್ಕೀನೂ ಸಣ್ಣದಾತು” ಎಂದೆ. ಅವಳ ತುಟಿಯ ಅಂಚಿನಲ್ಲಿ ಆ ನಗು ಮರಳಿ ಬಂತು. ತಟ್ಟೆಗೆ ಚಪಾತಿ ಬಂತು. ಸಕ್ಕರೆ ಕಾಯಿಲೆಯ ಗಂಡನಿಗೆ ವರ್ಜ್ಯವಾದ ತುಪ್ಪವೂ ಒಂದು ಚಮಚ ಬಂತು.

ಬಾಯಿಂದ ಆಗದ ಕೆಲಸವನ್ನು ಈಗ ಬರೆದು ಮಾಡುತ್ತಿದ್ದೇನೆ. ಚಿತ್ರ ಚೆನ್ನಾಗಿದೆ. ಕನ್ಯಾ ನೋಡಿದ ದಿನ ಎತ್ತರವೂ ಸರಿಯಾಗಿಯೇ ಇತ್ತು. ಶಿವಕಾಂತಾಳಿಗೆ ನಾನು ಕೊಡಬೇಕಾದದ್ದು ಕೊಂಕಿಲ್ಲದ ಒಂದು ಹೊಗಳಿಕೆ, ಅವಳು ನಂಬುವ ಹಾಗೆ.